ಹಡಗು ಹೋಗುವ ದಾರಿಯಲ್ಲೇ ಹೋಗಿ

ಎಂಟು ದಿನದ ರಜೆ, ಆರು ದ್ವೀಪ. ಗ್ರೀಸಿಗೆ ಹೊರಟವರು ತೋರಿಸುವ ಪಟ್ಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ನಾನು ಪೆನ್ನು ತೆಗೆದು ಮೊದಲು ಮೂರು ಹೆಸರು ಹೊಡೆದುಹಾಕುತ್ತೇನೆ. ಸಿಟ್ಟಾಗುವವರು ಆಗಲಿ. ದ್ವೀಪದಿಂದ ದ್ವೀಪಕ್ಕೆ ಹೋಗುವುದೆಂದರೆ ಹಡಗಿನಲ್ಲಿ ಕೂರುವ ಒಂದೆರಡು ಗಂಟೆಯಷ್ಟೇ ಅಲ್ಲ. ರೂಮು ಖಾಲಿ ಮಾಡಬೇಕು, ಬಂದರಿನಲ್ಲಿ ಕಾಯಬೇಕು, ಇಳಿದ ಮೇಲೆ ಮತ್ತೊಂದು ರೂಮಿನ ವಿಳಾಸ ಹುಡುಕಬೇಕು. ಅರ್ಧ ದಿನ ಅಲ್ಲಿಗೇ ಮುಗಿಯಿತು.

ಏಜಿಯನ್ ಸಮುದ್ರದ ಸೈಕ್ಲೇಡ್ಸ್ ಗುಂಪಿನಲ್ಲಿ ಜನ ವಾಸಿಸುವ ದ್ವೀಪಗಳೇ ಇಪ್ಪತ್ತಕ್ಕೂ ಹೆಚ್ಚು. ನಕಾಶೆಯಲ್ಲಿ ಎಲ್ಲವೂ ಒಂದರ ಪಕ್ಕ ಒಂದು ಕಾಣುತ್ತವೆ. ಆದರೆ ರೈಲಿಗಿರುವಂತೆ ಹಡಗಿಗೂ ಲೈನುಗಳಿವೆ. ಅಥೆನ್ಸಿನ ಪಿರೇಯಸ್ ಬಂದರಿನಿಂದ ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ ಒಂದು ಸಾಲು. ಸೆರಿಫೋಸ್, ಸಿಫ್ನೋಸ್, ಮೀಲೋಸ್ ಪಶ್ಚಿಮದ ಇನ್ನೊಂದು ಸಾಲು. ಆಂಡ್ರೋಸ್, ಟೀನೋಸ್, ಮೈಕೊನೋಸ್‌ಗೆ ಹೋಗುವವರು ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ರಾಫಿನಾ ಬಂದರು ಹಿಡಿಯುವುದೇ ಲೇಸು. ಪಾರೋಸಿನಿಂದ ಸಿಫ್ನೋಸ್ ಅಂಥ ದೂರವೇನಿಲ್ಲ, ಆದರೂ ಸಾಲು ಬೇರೆಯಾದ್ದರಿಂದ ನೇರ ಹಡಗುಗಳು ಕಡಿಮೆ. ಒಂದು ಸಾಲು ಆರಿಸಿಕೊಂಡು ಅದರಲ್ಲೇ ಎರಡು ಮೂರು ಕಡೆ ಇಳಿಯಿರಿ. ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ ಪಾರೋಸ್, ನಾಕ್ಸೋಸ್. ಆಸೆ ತಡೆಯದಿದ್ದರೆ ಕೊನೆಗೆ ಸ್ಯಾಂಟೊರಿನಿ.

ವೇಗದ ಹಡಗೋ ನಿಧಾನದ್ದೋ ಎಂದು ಎಲ್ಲರೂ ಕೇಳುತ್ತಾರೆ. ನಿಧಾನದ್ದೇ. ದೊಡ್ಡ ಹಡಗು ಪಿರೇಯಸ್‌ನಿಂದ ಪಾರೋಸ್ ಮುಟ್ಟಲು ಸುಮಾರು ನಾಲ್ಕು ಗಂಟೆ, ಸ್ಯಾಂಟೊರಿನಿಗೆ ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ, ನಿಜ. ಆದರೆ ಟಿಕೆಟ್ ಅಗ್ಗ, ಹೊಯ್ದಾಟ ಕಡಿಮೆ, ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಮುಖವೊಡ್ಡಿ ಕಾಫಿ ಕುಡಿಯಬಹುದು. ವೇಗದ ಹಡಗುಗಳಲ್ಲಿ ಹೆಚ್ಚಿನವು ಗಾಜಿನೊಳಗೆ ಕೂರಿಸಿ ಕರೆದೊಯ್ಯುತ್ತವೆ. ಸಮುದ್ರ ಕಾಣದ ಸಮುದ್ರಯಾನಕ್ಕೆ ದುಪ್ಪಟ್ಟು ದುಡ್ಡು ಏಕೆ ಕೊಡಬೇಕೋ!

ಇಳಿಯುವ ಗಡಿಬಿಡಿ ಮಾತ್ರ ಗೊತ್ತಿರಲಿ. ದ್ವೀಪದ ಹೆಸರು ಮೈಕಿನಲ್ಲಿ ಕೇಳಿದೊಡನೆ ಜನ ಕೆಳಗಿನ ವಾಹನದ ಅಂಕಣಕ್ಕೆ ಇಳಿಯುತ್ತಾರೆ. ಅಲ್ಲಿ ದ್ವೀಪವಾರು ಹೆಸರು ಬರೆದ ಕಪಾಟುಗಳಲ್ಲಿ ಸೂಟ್‌ಕೇಸುಗಳು. ಲಾರಿಗಳು ಆಗಲೇ ಎಂಜಿನ್ ಚಾಲೂ ಮಾಡಿರುತ್ತವೆ, ಡೀಸೆಲ್ ವಾಸನೆ, ಕಾಲಡಿ ಒದ್ದೆ ಕಬ್ಬಿಣ. ಹಡಗು ಹಿಮ್ಮುಖವಾಗಿ ದಕ್ಕೆಯತ್ತ ಸರಿಯುತ್ತಿರುವಾಗಲೇ ಹಿಂಬಾಗಿಲು ಸರಪಳಿಯ ಸದ್ದಿನೊಂದಿಗೆ ಕೆಳಗಿಳಿಯತೊಡಗುತ್ತದೆ. ಬೆಳಕಿನ ಗೆರೆ ಅಗಲವಾಗುತ್ತ ಬಂದು, ಆಚೆ ರೂಮಿನ ಫೋಟೊ ಹಿಡಿದು ನಿಂತ ಮನೆಯೊಡೆಯರು ಕಾಣುತ್ತಾರೆ. ಕೆಲವೇ ನಿಮಿಷ, ಮತ್ತೆ ಬಾಗಿಲು ಮೇಲೆ. ಟಾಯ್ಲೆಟ್ಟಿನಲ್ಲಿದ್ದವರು ಮುಂದಿನ ದ್ವೀಪದಲ್ಲಿ ಇಳಿಯಬೇಕು.

ನಾಕ್ಸೋಸಿನಲ್ಲಿ ಮೂರು ರಾತ್ರಿಯಾದರೂ ಇರಿ. ದಕ್ಕೆಯ ಪಕ್ಕದ ಗುಡ್ಡೆಯ ಮೇಲೆ ಕ್ರಿಸ್ತಪೂರ್ವ 6ನೆಯ ಶತಮಾನದ, ಪೂರ್ತಿಯಾಗದೆ ಉಳಿದ ದೇಗುಲದ ಅಮೃತಶಿಲೆಯ ಬಾಗಿಲುವಾಡ ನಿಂತಿದೆ. ಸಸ್ಯಾಹಾರಿಗಳಿಗೂ ಇಲ್ಲಿ ಚಿಂತೆಯಿಲ್ಲ. ನಾಕ್ಸೋಸಿನ ಆಲೂಗಡ್ಡೆ, ಗ್ರಾವಿಯೆರಾ ಚೀಸ್ ಗ್ರೀಸಿನಲ್ಲೆಲ್ಲ ಹೆಸರುವಾಸಿ. ಸ್ಯಾಂಟೊರಿನಿಯ ‘ಫಾವಾ’ ಎಂದರೆ ಹಳದಿ ಬೇಳೆ ಬೇಯಿಸಿ ಅರೆದು, ಆಲಿವ್ ಎಣ್ಣೆ ಸುರಿದದ್ದು. ನಮ್ಮ ತೊವ್ವೆ ಉಂಡ ನಾಲಗೆಗೆ ಅದು ಹೊಸದೆನಿಸದು. ನಾಕ್ಸೋಸಿನಿಂದಲೇ ಇರಾಕ್ಲಿಯಾ, ಸ್ಖಿನೂಸಾ, ಕೂಫೊನೀಸಿ ಎಂಬ ಪುಟಾಣಿ ದ್ವೀಪಗಳಿಗೂ ಹೋಗಬಹುದು. ‘ಎಕ್ಸ್‌ಪ್ರೆಸ್ ಸ್ಕೋಪೆಲಿಟಿಸ್’ ಎಂಬ ಸಣ್ಣ ಹಡಗು ಈ ದಾರಿಯಲ್ಲಿ ವರ್ಷಾನುಗಟ್ಟಲೆ ಓಡಾಡಿ, ಹೆಸರಲ್ಲಿ ಎಕ್ಸ್‌ಪ್ರೆಸ್ ಇದ್ದೂ ನಿಧಾನಕ್ಕೇ ಪ್ರಸಿದ್ಧವಾಯಿತು.

ಗಾಳಿಯ ಲೆಕ್ಕ ಇಡದ ಯೋಜನೆ ಯೋಜನೆಯೇ ಅಲ್ಲ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಆಕಾಶ ಶುಭ್ರವಾಗಿದ್ದಾಗಲೇ ಸಮುದ್ರ ಕದಡುತ್ತದೆ. ಬೋಫೋರ್ಟ್ ಮಾಪಕದಲ್ಲಿ ಗಾಳಿ 8 ಮುಟ್ಟಿದರೆ ಸಾಮಾನ್ಯವಾಗಿ ದೊಡ್ಡ ಹಡಗನ್ನೂ ಬಂದರಿನಿಂದ ಬಿಡುವುದಿಲ್ಲ. ವೇಗದವು ಅದಕ್ಕೂ ಮೊದಲೇ ನಿಲ್ಲುತ್ತವೆ. ಇದರ ಜೊತೆಗೆ ನಾವಿಕರ ಮುಷ್ಕರವೂ ಆಗಾಗ ಬರುತ್ತದೆ. ಹಾಗಾಗಿ ಬೆಂಗಳೂರಿಗೆ ವಾಪಸು ವಿಮಾನ ಹತ್ತುವ ಹಿಂದಿನ ರಾತ್ರಿ ಅಥೆನ್ಸಿನಲ್ಲೇ ಕಳೆಯಿರಿ. ಬೆಳಗ್ಗೆ ದ್ವೀಪ, ಸಂಜೆ ವಿಮಾನ ಎಂಬ ಜಾಣತನ ಬೇಡವೇ ಬೇಡ.

ಷೆಂಗೆನ್ ವೀಸಾಕ್ಕೆ ತಂಗುವ ಸ್ಥಳದ ವಿವರ ಕೊಡಬೇಕಾಗುವುದರಿಂದ ರದ್ದು ಮಾಡಲು ಬರುವ ರೂಮುಗಳನ್ನೇ ಹಿಡಿಯಿರಿ. ಆಗಸ್ಟ್ 15ರ ಆಸುಪಾಸು ಮಾತ್ರ ಹೋಗಬೇಡಿ. ಅಂದು ಮೇರಿ ಮಾತೆಯ ಹಬ್ಬ. ಟೀನೋಸಿಗೆ ಯಾತ್ರಿಕರ ಪ್ರವಾಹವೇ ಹರಿಯುತ್ತದೆ, ಉಳಿದ ಹಡಗುಗಳಲ್ಲೂ ರಜೆಗೆ ಊರಿಗೆ ಹೊರಟ ಗ್ರೀಕರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಜನ ಕರಗಿರುತ್ತಾರೆ, ನೀರು ಇನ್ನೂ ಬೆಚ್ಚಗಿರುತ್ತದೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಮಕ್ಕಳಿರುವವರು ದಸರಾ ರಜೆಯ ಮೊದಲ ವಾರವನ್ನೇ ಹಿಡಿಯಿರಿ. ಅಕ್ಟೋಬರ್ ದಾಟುತ್ತಿದ್ದಂತೆ ಹಡಗುಗಳ ಸಂಖ್ಯೆ ಇಳಿಯುತ್ತದೆ.