ಗತವೈಭವವೂ ಊರ ಕಲ್ಲುಗಳೂ

ಧಾರವಾಡದಲ್ಲಿ 1914ರಲ್ಲಿ ಆಲೂರು ವೆಂಕಟರಾಯರ ಮುಂದಾಳುತನದಲ್ಲಿ ಹುಟ್ಟಿದ ಇತಿಹಾಸ ಮಂಡಲವೂ, 1917ರಲ್ಲಿ ಬೆಳಕು ಕಂಡ ಅವರ ‘ಕರ್ನಾಟಕ ಗತವೈಭವ’ವೂ ಒಂದೇ ಹಂಬಲದ ಫಲಗಳು. ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡಿಗೆ ತನ್ನ ನೆನಪನ್ನು ಮರಳಿಸಿದ ಆ ಗ್ರಂಥದ ಋಣ ಸಾಮಾನ್ಯವಾದುದಲ್ಲ.

ಆದರೂ ಗುಣದೊಡನೆ ಕೊರತೆಯನ್ನೂ ನುಡಿಯುವುದು ವಿಮರ್ಶಕನ ಧರ್ಮ. ಅದರಲ್ಲಿ ಅರಸುಮನೆತನಗಳ ಜಯಭೇರಿಯ ಮೊಳಗು ಹೆಚ್ಚು. ಉಳುವವನ ದನಿ ಮೆಲ್ಲನೆಯದು. ಶಿಲಾಶಾಸನಗಳಾದರೋ ಬಿರುದಾವಳಿಯಲ್ಲಿಯೇ ನಿಲ್ಲುವುದಿಲ್ಲ; ಕೆರೆಗೆ ಬಿಟ್ಟ ಭೂಮಿ, ಅದರ ಎಲ್ಲೆ, ಗಾಣದ ಸುಂಕ, ತುರುಗಾಳಗದಲ್ಲಿ ಮಡಿದವನ ಹೆಸರು, ಇವನ್ನೂ ಹೇಳುತ್ತವೆ.

ಸಂಬಳವಿಲ್ಲದೆ ದುಡಿಯುವ ಊರ ಸಂಶೋಧಕರಿಗೆ ಸಹಜವಾದ ಕ್ಷೇತ್ರವಿದು. ಎಲ್ಲೆಗಲ್ಲನ್ನೂ ಹಾಳುಗೆರೆಯ ಹೆಸರನ್ನೂ ಅಲ್ಲಿಯೇ ಬೆಳೆದವನಲ್ಲದೆ ಬೇರಾರು ಗುರುತಿಸಿಯಾರು? ವೈಭವವನ್ನು ಹಾಡಿದ್ದಾಯಿತು, ಇನ್ನು ಕಲ್ಲನ್ನು ಕೊನೆಯ ಸಾಲಿನವರೆಗೆ ಓದಬೇಕು.