ಎಣಿಕೆಯೂ ತೀರ್ಪೂ

ಒಂದು ಸಿದ್ಧಾಂತದ ಮೂಲಸೂತ್ರಗಳನ್ನೆಲ್ಲ ಪಾಲಿಸುವ ರಚನೆಯನ್ನು ತರ್ಕಗಣಿತದಲ್ಲಿ ಅದರ ‘ಮಾದರಿ’ ಎನ್ನುತ್ತಾರೆ. ನಿರ್ದಿಷ್ಟ ಗಾತ್ರದಲ್ಲಿ ಪರಸ್ಪರ ಸಮರೂಪವಲ್ಲದ ಮಾದರಿಗಳು ಎಷ್ಟು ಎಂಬ ಪ್ರಶ್ನೆ ಬರಿಯ ಲೆಕ್ಕಿಗನ ಕುತೂಹಲವೆಂದು ತೋರಬಹುದು. ಆದರೆ ಈ ಎಣಿಕೆಯನ್ನೇ ಒರೆಗಲ್ಲಾಗಿಸಿಕೊಂಡು ಸಿದ್ಧಾಂತಗಳನ್ನು ವಿಂಗಡಿಸಿದ ಮಹಾಗ್ರಂಥವೊಂದುಂಟು: ಜೆರುಸಲೇಮಿನ ಸಹರೋನ್ ಶೆಲಾಹ್ ಅವರು 1978ರಲ್ಲಿ ಪ್ರಕಟಿಸಿದ ‘ಕ್ಲಾಸಿಫಿಕೇಶನ್ ಥಿಯರಿ’. ಅದರ ತೀರ್ಪನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದೇ ಇಲ್ಲಿಯ ವಿಚಾರ.

1965ರಲ್ಲಿ ಮೈಕೇಲ್ ಮಾರ್ಲಿ ಒಂದು ಪ್ರಮೇಯವನ್ನು ಸಾಧಿಸಿದರು: ಗಣ್ಯ ಭಾಷೆಯ ಸಿದ್ಧಾಂತಕ್ಕೆ ಯಾವುದಾದರೊಂದು ಅಗಣ್ಯ ಗಾತ್ರದಲ್ಲಿ ಒಂದೇ ಮಾದರಿಯಿದ್ದರೆ ಎಲ್ಲ ಅಗಣ್ಯ ಗಾತ್ರಗಳಲ್ಲಿಯೂ ಒಂದೇ. ಶೆಲಾಹ್ ಅವರು ಇದರ ಮತ್ತೊಂದು ತುದಿಯನ್ನು ಹಿಡಿದರು. ಯಾವ ಸಿದ್ಧಾಂತದಲ್ಲಿ ಒಂದು ಸೂತ್ರವು ಅನಂತ ಶ್ರೇಣಿಯೊಂದನ್ನು ಹಿಂದು ಮುಂದಾಗಿ ಜೋಡಿಸಬಲ್ಲುದೋ ಅದು ‘ಅಸ್ಥಿರ’. ಅಂಥದಕ್ಕೆ ಪ್ರತಿ ಅಗಣ್ಯ ಗಾತ್ರದಲ್ಲಿಯೂ ಮಾದರಿಗಳ ಸಂಖ್ಯೆ ಪರಮಾವಧಿಯನ್ನು ಮುಟ್ಟುತ್ತದೆ. ಭಿನ್ನರಾಶಿಗಳ ಕ್ರಮವನ್ನೇ ನೋಡಿರಿ. ಆದಿ ಅಂತ್ಯಗಳಿಲ್ಲದ ಇಂಥ ನಿಬಿಡ ಕ್ರಮ ಗಣ್ಯ ಗಾತ್ರದಲ್ಲಿ ಒಂದೇ ಎಂಬುದನ್ನು ಕ್ಯಾಂಟರ್ ತೋರಿಸಿದ್ದರು. ಅಗಣ್ಯಕ್ಕೆ ಕಾಲಿಟ್ಟೊಡನೆ ಅದು ಸಾಧ್ಯವಾದಷ್ಟೂ ಬಗೆಯಾಗಿ ಒಡೆಯುತ್ತದೆ. ಎಹ್ರೆನ್‌ಫಾಯ್ಖ್ಟ್ ಮತ್ತು ಮೊಸ್ತೋವ್‌ಸ್ಕಿ 1956ರಲ್ಲಿ ಕಾಣಿಸಿದ ವಿಧಾನದಿಂದ ನಾನಾ ಕ್ರಮಗಳನ್ನು ಅಸ್ಥಿಪಂಜರವಾಗಿಟ್ಟು ಮಾದರಿಗಳನ್ನು ಕಟ್ಟಿ, ಅವುಗಳ ಒಳಗಿನ ವ್ಯತ್ಯಾಸ ಹೊರಗೆ ಅಳಿಸಿಹೋಗದಂತೆ ನೋಡಿಕೊಳ್ಳುವ ಈ ಸಾಧನೆ ನಿಜಕ್ಕೂ ಅದ್ಭುತವಾದುದು.

ಆದರೂ ಎಣಿಕೆ ಬೇರೆ, ಬೆಲೆ ಬೇರೆ. ವಾಸ್ತವ ಸಂಖ್ಯೆಗಳ ಕ್ಷೇತ್ರವೂ ಸ್ವಾಭಾವಿಕ ಸಂಖ್ಯೆಗಳ ಅಂಕಗಣಿತವೂ ಈ ಖಾತೆಯಲ್ಲಿ ಒಂದೇ ಕಲಮಿಗೆ ಬೀಳುತ್ತವೆ. ಮೊದಲನೆಯದಕ್ಕೆ ತಾರ್ಸ್ಕಿಯವರ ನಿರ್ಣಯವಿಧಾನವುಂಟು. ಎರಡನೆಯದಕ್ಕೆ ಅಂಥದೊಂದು ಅಸಾಧ್ಯ. 1986ರಲ್ಲಿ ಪಿಲ್ಲೈ ಮತ್ತು ಸ್ಟೈನ್‌ಹಾರ್ನ್ ಮೊದಲನೆಯ ವರ್ಗದ ಸಿದ್ಧಾಂತಗಳಲ್ಲಿ, ರೇಖೆಯ ಮೇಲೆ ನಿರೂಪಿಸಬಹುದಾದ ಗಣಗಳೆಲ್ಲ ಪರಿಮಿತ ಬಿಂದುಗಳೂ ಅಂತರಗಳೂ ಆಗಿರುವಲ್ಲಿ, ಸುವ್ಯವಸ್ಥಿತವಾದ ಜ್ಯಾಮಿತಿಯನ್ನೇ ಕಂಡರು. ಮಾದರಿಗಳು ಅಸಂಖ್ಯವಾದ ಮಾತ್ರಕ್ಕೆ ಪ್ರತಿಯೊಂದರ ಒಳಗೂ ಅರಾಜಕತೆಯೆಂದು ಭಾವಿಸಲಾಗದು.

ಗ್ರಂಥಕರ್ತರಿಗೆ ಅನ್ಯಾಯವಾಗಬಾರದು. ಅಸ್ಥಿರತೆಗೆ ಕಾರಣ ಎರಡೇ ಎಂದು, ಸ್ವಾತಂತ್ರ್ಯಗುಣವೋ ಕಟ್ಟುನಿಟ್ಟಿನ ಕ್ರಮಗುಣವೋ ಇದ್ದೇ ತೀರಬೇಕೆಂದು, ಅವರೇ ಸಾಧಿಸಿದ್ದಾರೆ. ಮುಂದಿನ ಸೂಕ್ಷ್ಮ ವಿಂಗಡಣೆಯ ಬೀಜ ಅಲ್ಲಿಯೇ ಇದೆ. 1980ರಲ್ಲಿ ‘ಸರಳ’ ಅಸ್ಥಿರ ಸಿದ್ಧಾಂತಗಳನ್ನು ಕುರಿತು ಬರೆದವರೂ ಅವರೇ. ಆದುದರಿಂದ ಪರಮಾವಧಿ ಸಂಖ್ಯೆಯನ್ನು ಅಂತಿಮ ತೀರ್ಪೆಂದು ಓದದೆ, ಎಣಿಕೆಯ ಕೆಲಸ ಮುಗಿಯಿತೆಂಬ ಸೂಚನೆಯೆಂದು ಓದುವುದೇ ಯುಕ್ತ. ವಿಮರ್ಶೆಯ ಕೆಲಸ ಅಲ್ಲಿಂದ ಮೊದಲಾಗುತ್ತದೆ.