ಅವಧಿ ನಿಶ್ಚಿತ, ಅಸಲು ಅನಿಶ್ಚಿತ

2018ರಲ್ಲಿ ಆಂಧ್ರಪ್ರದೇಶದ ಎರಡು ಸಾಲಪತ್ರಗಳು ಮುಂಬೈ ಷೇರುಪೇಟೆಯ ಪಟ್ಟಿಗೆ ಸೇರಿದವು. ಆಗಸ್ಟ್‌ನಲ್ಲಿ ವಿಜಯವಾಡದಲ್ಲಿ ಕಚೇರಿಯಿದ್ದ ರಾಜಧಾನಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ರಾಜ್ಯದ ಹೊಸ ರಾಜಧಾನಿ ಅಮರಾವತಿಯನ್ನು ಕಟ್ಟಲೆಂದು 2,000 ಕೋಟಿ ರೂಪಾಯಿ ಎತ್ತಿತು. ಬಡ್ಡಿ ಶೇ 10.32. ಡಿಸೆಂಬರ್‌ನಲ್ಲಿ ಮಹಾ ವಿಶಾಖಪಟ್ಟಣ ನಗರಪಾಲಿಕೆ ಶೇ 10ರ ಬಡ್ಡಿಗೆ 80 ಕೋಟಿ ಎತ್ತಿತು.

ಅಮರಾವತಿಯ ಬಡ್ಡಿಯನ್ನು ಸ್ವಲ್ಪ ನಿಂತು ನೋಡಬೇಕು. ಆ ದಿನಗಳಲ್ಲಿ ಕೇಂದ್ರ ಸರ್ಕಾರಕ್ಕೆ ಹತ್ತು ವರ್ಷದ ಸಾಲ ಶೇ 8ಕ್ಕಿಂತ ಕಡಿಮೆಗೆ ಸಿಗುತ್ತಿತ್ತು, ರಾಜ್ಯ ಸರ್ಕಾರಗಳಿಗೆ ಸುಮಾರು ಎಂಟೂವರೆಗೆ. ಅಮರಾವತಿ ಬಾಂಡಿಗೆ ಆಂಧ್ರ ಸರ್ಕಾರದ್ದೇ ಖಾತರಿ ಇತ್ತು. ಹಾಗಿದ್ದೂ ನೂರಕ್ಕೆ ಹೆಚ್ಚುಕಡಿಮೆ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಮಾತ್ರ ಸಾಲ ಹುಟ್ಟಿತು. ಇನ್ನೂ ಕಟ್ಟದ ಊರಿನ ವರಮಾನ ಎಷ್ಟೋ, ಖಾತರಿ ಕೊಟ್ಟವರು ಹೊತ್ತಿಗೆ ಸರಿಯಾಗಿ ಹಣ ಕಳಿಸುತ್ತಾರೋ ಎಂಬ ಅನುಮಾನಕ್ಕೆ ಪೇಟೆ ಕಟ್ಟಿದ ಬೆಲೆ ಆ ಎರಡು ರೂಪಾಯಿ. 2019ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಮೂರು ರಾಜಧಾನಿಗಳ ಯೋಜನೆ ಬಂತು, ವಿಶಾಖಪಟ್ಟಣ ಆಡಳಿತದ ರಾಜಧಾನಿಯಾಗಲಿದೆ ಎಂದರು, ಅಮರಾವತಿಯ ಕೆಲಸ ನಿಂತಿತು, ಬಾಂಡಿನ ರೇಟಿಂಗ್ ಇಳಿಯಿತು. ಬಡ್ಡಿಯ ಅಂಕಿಯನ್ನಷ್ಟೇ ನೋಡಿದವರಿಗೆ ತಾವು ಒಂದು ರಾಜ್ಯದ ರಾಜಕೀಯದ ಮೇಲೂ ಹಣ ಹೂಡಿದ್ದೇವೆಂದು ಆಗ ತಿಳಿಯಿತು.

ಇಂಥ ಪತ್ರಗಳನ್ನು ಸಣ್ಣ ಉಳಿತಾಯದವರು ನೇರವಾಗಿ ಕೊಳ್ಳುವುದು ವಿರಳ. ಅವರಿಗೆ ಅವು ತಲುಪುವುದು ಮ್ಯೂಚುವಲ್ ಫಂಡ್‌ಗಳ ಮೂಲಕ. ಅವುಗಳಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುವುದು ನಿಗದಿತ ಅವಧಿಯ ಮುಚ್ಚಿದ ಫಂಡ್, ಅಂದರೆ ಎಫ್‌ಎಂಪಿ. ಇದರ ಕಟ್ಟೋಣ ಮೆಚ್ಚುವಂಥದ್ದೇ. ಕೆಲವು ದಿನ ಮಾತ್ರ ಹಣ ತೆಗೆದುಕೊಂಡು ಬಾಗಿಲು ಹಾಕುತ್ತಾರೆ. ಫಂಡಿನ ಅವಧಿಯೊಳಗೇ ತೀರುವ ಸಾಲಪತ್ರಗಳನ್ನು ಕೊಂಡು ಕೊನೆಯವರೆಗೂ ಇಟ್ಟುಕೊಳ್ಳುತ್ತಾರೆ. ನಡುವೆ ಬಡ್ಡಿದರ ಏರಿ ಪತ್ರಗಳ ಬೆಲೆ ಬಿದ್ದರೂ ಕೊನೆಯ ದಿನ ಅಸಲು ಬರಬೇಕು. ಮಿಕ್ಕವರು ಹೆದರಿ ಹಣ ತೆಗೆಯುವ ಹಾಗಿಲ್ಲವಾದ್ದರಿಂದ, ಅವರಿಗಾಗಿ ಒಳ್ಳೆಯ ಪತ್ರಗಳನ್ನು ಮಾರಿ ಕೆಟ್ಟವನ್ನು ಉಳಿದವರ ತಲೆಗೆ ಕಟ್ಟುವ ಪ್ರಮೇಯವಿಲ್ಲ. ಮೊದಲು ಹೀಗಿರಲಿಲ್ಲ. 2008ರ ಬಿಕ್ಕಟ್ಟಿನಲ್ಲಿ ಇದೇ ಫಂಡ್‌ಗಳಿಂದ ಜನ ಅವಧಿಗೆ ಮುನ್ನವೇ ಹಣ ಎಳೆದಾಗ ಷೇರುಪೇಟೆಯ ನಿಯಂತ್ರಕ ಸೆಬಿ ಕಣ್ತೆರೆಯಿತು. ಪತ್ರಗಳ ಅವಧಿ ಫಂಡಿನ ಅವಧಿಯನ್ನು ಮೀರಬಾರದು, ಯೂನಿಟ್‌ಗಳು ಷೇರುಪೇಟೆಯಲ್ಲಿ ನೋಂದಣಿಯಾಗಬೇಕು ಎಂದಿತು. ಮರುವರ್ಷ, ಇಷ್ಟು ಬಡ್ಡಿ ಬರಬಹುದೆಂದು ಮೊದಲೇ ಸೂಚಿಸುವುದನ್ನೂ ನಿಲ್ಲಿಸಿತು.

ಷೇರುಪೇಟೆಯಲ್ಲಿ ಈ ಯೂನಿಟ್‌ಗಳ ಹೆಸರಿದ್ದರೂ ಕೊಳ್ಳುವವರು ಸಿಗುವುದು ಅಪರೂಪ. ಮಗಳ ಮದುವೆಗೋ ಆಸ್ಪತ್ರೆಗೋ ನಡುವೆ ಹಣ ಬೇಕಾದವರು ಸಿಕ್ಕ ಬೆಲೆಗೆ ಬಿಟ್ಟುಕೊಡಬೇಕು. ಎಫ್‌ಡಿಯನ್ನು ಮುರಿದರೆ ಬಡ್ಡಿಯಲ್ಲಿ ಒಂದಷ್ಟು ಹೋಗುತ್ತದೆ, ಇಲ್ಲಿ ಅಸಲೇ ಹೋಗಬಹುದು. ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆಯೂ ಇಲ್ಲಿಲ್ಲ.

ಇವನ್ನೆಲ್ಲ ಸಹಿಸಿ ಕೊನೆಯವರೆಗೂ ಕಾದವರಿಗೇನಾಯಿತು ಎಂಬುದಕ್ಕೆ 2019ರ ಏಪ್ರಿಲ್ ಸಾಕ್ಷಿ. ಕೋಟಕ್ ಮತ್ತು ಎಚ್‌ಡಿಎಫ್‌ಸಿ ಮ್ಯೂಚುವಲ್ ಫಂಡ್‌ಗಳ ಕೆಲವು ಎಫ್‌ಎಂಪಿಗಳಲ್ಲಿ ಎಸ್ಸೆಲ್ ಸಮೂಹದ ಪ್ರವರ್ತಕರ ಕಂಪನಿಗಳ ಡಿಬೆಂಚರ್‌ಗಳಿದ್ದವು. ನಡುವೆ ಬಡ್ಡಿ ಕೊಡದೆ, ಎಲ್ಲವನ್ನೂ ಕೊನೆಯಲ್ಲಿ ಒಟ್ಟಿಗೆ ಕೊಡುವ ಪತ್ರಗಳವು. ಅಡವಿಟ್ಟದ್ದು ಅದೇ ಸಮೂಹದ ಜೀ ಎಂಟರ್‌ಟೈನ್‌ಮೆಂಟ್‌ನ ಷೇರು. ಜನವರಿ 25ರಂದು ಆ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಅಡವಿಟ್ಟ ಷೇರು ಮಾರಿದರೆ ಬೆಲೆ ಮತ್ತಷ್ಟು ಬೀಳುತ್ತದೆಂದು ಹೆದರಿದ ಸಾಲದಾತರು ಸೆಪ್ಟೆಂಬರ್ ಕೊನೆಯವರೆಗೆ ಗಡುವು ಕೊಟ್ಟರು. ಆದರೆ ಫಂಡ್‌ಗಳ ಗಡುವು ಏಪ್ರಿಲ್‌ನಲ್ಲೇ ಬಂದಿತ್ತು. ಕೋಟಕ್ ತನ್ನ ಯೂನಿಟ್‌ದಾರರಿಗೆ ಬಂದಷ್ಟು ಕೊಟ್ಟು ಉಳಿದದ್ದನ್ನು ಬಾಕಿ ಇರಿಸಿತು. ಎಚ್‌ಡಿಎಫ್‌ಸಿ ತನ್ನ ಒಂದು ಯೋಜನೆಯ ಅವಧಿಯನ್ನೇ ವರ್ಷಕ್ಕೂ ಹೆಚ್ಚು ಮುಂದೂಡಲು ಹೊರಟಿತು. ಸಾಲಪತ್ರದ ಅವಧಿ ಫಂಡಿನ ಅವಧಿಯನ್ನು ಮೀರಬಾರದೆಂಬ ನಿಯಮದ ಬೆನ್ನೆಲುಬೇ ಇಲ್ಲಿ ಮುರಿಯಿತು. 2021ರ ಆಗಸ್ಟ್‌ನಲ್ಲಿ ಸೆಬಿ ಕೋಟಕ್‌ನ ಆಸ್ತಿ ನಿರ್ವಹಣಾ ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿ, ಆರು ತಿಂಗಳು ಹೊಸ ಎಫ್‌ಎಂಪಿ ತರಬಾರದೆಂದು ಆದೇಶಿಸಿತು. ಸಾಲಗಾರ ಕೈಚೆಲ್ಲಿದರೆ ಕ್ಯಾಲೆಂಡರ್ ಏನನ್ನೂ ವಸೂಲು ಮಾಡಿಕೊಡದು.

ಮುಂದಿನ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನ ಹೈಕೋರ್ಟಿನಲ್ಲಿ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲ ಫಂಡ್‌ಗಳನ್ನು ಮುಚ್ಚುತ್ತೇವೆಂದಿತು. ಮೂರು ಲಕ್ಷಕ್ಕೂ ಹೆಚ್ಚು ಹೂಡಿಕೆದಾರರ 25,000 ಕೋಟಿಗೂ ಮಿಕ್ಕಿದ ಹಣ ಸಿಕ್ಕಿಬಿತ್ತು. ಅವು ತೆರೆದ ಫಂಡ್‌ಗಳು, ಬೇಕಾದ ದಿನ ಹಣ ವಾಪಸು ಎಂಬ ಮಾತಿನ ಮೇಲೆ ನಿಂತವು. ಒಳಗಿದ್ದದ್ದು ಮಾತ್ರ ಸುಲಭಕ್ಕೆ ಮಾರಾಟವಾಗದ, ಹೆಚ್ಚು ಬಡ್ಡಿಯ, ಕೆಳ ರೇಟಿಂಗಿನ ಪತ್ರ. ದೇಶದ ಬೇರೆಬೇರೆ ಕಡೆಯ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೆ ಒಪ್ಪಿಸಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಮತ್ತು ನ್ಯಾಯಮೂರ್ತಿ ಅಶೋಕ್ ಎಸ್. ಕಿಣಗಿ ಅವರ ಪೀಠ ಆ ವರ್ಷ ಅಕ್ಟೋಬರ್ 24ರಂದು, ಯೂನಿಟ್‌ದಾರರ ಒಪ್ಪಿಗೆಯಿಲ್ಲದೆ ಫಂಡ್ ಮುಚ್ಚುವಂತಿಲ್ಲ ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಮಾತನ್ನು ಎತ್ತಿಹಿಡಿಯಿತು. ಹಣ ಹೂಡಿದವರಿಗೆ ಅಭಿಪ್ರಾಯ ಹೇಳುವ ಹಕ್ಕಿದೆಯೆಂದು ಸಾರಿದ ಈ ತೀರ್ಪಿನ ಬಗ್ಗೆ ಕನ್ನಡಿಗರು ಹೆಮ್ಮೆಪಡಬಹುದು.

ಇಲ್ಲೊಂದು ಮಾತನ್ನು ಒಪ್ಪಲೇಬೇಕು. ಫ್ರಾಂಕ್ಲಿನ್ ಹೂಡಿಕೆದಾರರಿಗೆ ಕಂತುಕಂತಾಗಿ ಕೊನೆಗೆ ಬಂದ ಒಟ್ಟು ಮೊತ್ತ ಮುಚ್ಚಿದ ದಿನದ ಬೆಲೆಗಿಂತ ಹೆಚ್ಚೇ ಆಯಿತು. ಅವಸರದಲ್ಲಿ ಮಾರದೆ ಕಾದದ್ದು ಫಲಿಸಿತು. ಮುಚ್ಚಿದ ಫಂಡಿನ ಪರವಾದ ಬಲವಾದ ವಾದ ಇದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿವೃತ್ತಿಯ ಹಣವನ್ನು ಅಲ್ಲಿಟ್ಟು, ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಒಂದು ರೂಪಾಯಿಯೂ ಸಿಗದೆ ಕಳೆದವರ ಸಂಕಟಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿರುವ ನಮ್ಮ ಕುಟುಂಬಗಳಿಗೆ ಎದುರಾಗುವ, ಇದೇ ಬಗೆಯ ನಿಗದಿತ ಅವಧಿಯ ‘ಟಾರ್ಗೆಟ್ ಟರ್ಮ್’ ಫಂಡ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವುಗಳಲ್ಲಿ ಹಲವು ಸಾಲ ತಂದು ಕೆಳದರ್ಜೆಯ ಬಾಂಡ್ ಕೊಳ್ಳುತ್ತವೆ. ಲಾಭವೂ ಹಿಗ್ಗುತ್ತದೆ, ನಷ್ಟವೂ. ಮೂಲ ಬೆಲೆಯನ್ನು ಹಿಂದಿರುಗಿಸುವುದು ಗುರಿ ಮಾತ್ರ, ಖಾತರಿಯಲ್ಲ ಎಂದು ಅವುಗಳ ದಾಖಲೆಯಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಫಂಡ್‌ಗಳು ಯೂನಿಟ್‌ದಾರರಿಗೆ ಹಣ ಕೊಡುವಂಥ ತಾತ್ಕಾಲಿಕ ತುರ್ತಿಗೆ ಬಿಟ್ಟರೆ ಸಾಲ ಮಾಡುವಂತಿಲ್ಲ. ಆ ಮಟ್ಟಿಗೆ ನಮ್ಮ ನಿಯಮ ವಾಸಿ.

ಮೂರು ವರ್ಷ ದಾಟಿದರೆ ಸಿಗುತ್ತಿದ್ದ ತೆರಿಗೆ ಅನುಕೂಲವೇ ಎಫ್‌ಎಂಪಿಯ ಮುಖ್ಯ ಆಕರ್ಷಣೆಯಾಗಿತ್ತು. 2023ರ ಏಪ್ರಿಲ್ 1ರಿಂದ ಹೊಸ ಹೂಡಿಕೆಗೆ ಅದೂ ಹೋಯಿತು. ಈಗ ಉಳಿದಿರುವುದು ಒಳಗಿನ ಪತ್ರಗಳ ಗುಣ. ಸಾರ್ವಜನಿಕ ಉದ್ದಿಮೆಗಳ ಉತ್ತಮ ರೇಟಿಂಗಿನ ಪತ್ರಗಳನ್ನು ತುಂಬಿಕೊಂಡು 2019ರ ಡಿಸೆಂಬರ್‌ನಲ್ಲಿ ಶುರುವಾದ ಭಾರತ್ ಬಾಂಡ್ ಇಟಿಎಫ್‌ನ ಮೊದಲು ತೀರಬೇಕಿದ್ದ ಸರಣಿ 2023ರ ಏಪ್ರಿಲ್‌ನಲ್ಲಿ ಹೇಳಿದಂತೆ ಮುಗಿಯಿತು. ಅದರಲ್ಲಿ ಬಡ್ಡಿ ಕಡಿಮೆ, ಆದರೆ ಸಾಲಗಾರ ಯಾರೆಂದು ಮೊದಲ ದಿನವೇ ಗೊತ್ತಿತ್ತು.

ನನ್ನ ತೀರ್ಮಾನ ಇಷ್ಟು: ನಿಗದಿತ ಅವಧಿ ಒಳ್ಳೆಯ ಏರ್ಪಾಡು, ಅದಕ್ಕೆ ಅಂಟಿಸಿದ ‘ಹೆಚ್ಚು ಆದಾಯ’ ಪಿಂಚಣಿ ನಂಬಿದವರಿಗೆ ತಕ್ಕುದಲ್ಲ. ಯಾರಾದರೂ ಇಂಥ ಫಂಡ್ ತಂದು ತೋರಿಸಿದರೆ ಬಡ್ಡಿ ಎಷ್ಟೆಂದು ಕೇಳುವ ಮೊದಲು ನಮ್ಮ ಹಣ ಯಾರಿಗೆ ಸಾಲವಾಗಿ ಹೋಗುತ್ತದೆಂದು ಕೇಳಿ. ಫಂಡಿನಲ್ಲಿ ಯಾವ ಕಂಪನಿಯ ಪತ್ರ ಎಷ್ಟಿದೆ ಎಂಬ ಪಟ್ಟಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಅದನ್ನು ಓದಿ ವಿವರಿಸಲಾಗದವರ ಕೈಗೆ ಚೆಕ್ ಕೊಡಬೇಡಿ.